ಅಪೊಂಡಿ ಮತ್ತು ಪ್ರಸಾದದ ಸಾಲು

ಗಂಡ ಒರೆಮೊ ಲೋಲ್ವೆ ಸರೋವರದಲ್ಲಿ ದೋಣಿ ಮಗುಚಿ ಸತ್ತ ಮೇಲೆ ಅಪೊಂಡಿಯ ಹಟ್ಟಿಯಲ್ಲಿ ಯಾರೂ ಬೀಜ ಬಿತ್ತಲಿಲ್ಲ. ಮಳೆ ಬರಲಿಲ್ಲ ಎಂದಲ್ಲ, ಚೆನ್ನಾಗಿಯೇ ಬಂತು. ಕದೆರೊ ಊರಿನ ಬೇರೆ ಹಟ್ಟಿಗಳಲ್ಲೆಲ್ಲ ಗುದ್ದಲಿ ಎದ್ದವು. ಇವರ ಹೊಲದಲ್ಲಿ ಮಾತ್ರ ಹುಲ್ಲು ಎದ್ದಿತು.

ಆ ಊರಿನ ಕಟ್ಟಳೆ ಹಾಗೆ. ಹಟ್ಟಿಯ ಹಿರಿಯ ಹೆಂಗಸು ಮೊದಲ ಬೀಜ ಹಾಕಬೇಕು, ಆಮೇಲೆ ಹಿರಿಮಗನ ಮನೆಯವರು. ಹಿರಿಯಳು ವಿಧವೆಯಾದರೆ ಗಂಡನ ತಮ್ಮನೊಬ್ಬ ಅವಳ ಮನೆ ಹೊಕ್ಕು, ಒಂದು ರಾತ್ರಿಯಾದರೂ ಗಂಡನಾಗಿದ್ದು ಹೊರಬರುವ ತನಕ ಅವಳು ಬೀಜ ಮುಟ್ಟುವಂತಿಲ್ಲ. ಮುಟ್ಟಿದರೆ ಅವಳಿಗೆ ಏನೂ ಆಗುವುದಿಲ್ಲ, ಅದೇ ಅದರ ಕ್ರೌರ್ಯ. ಶಾಪ ತಟ್ಟುವುದು ಮಕ್ಕಳ ಮನೆಗೆ. ಕೂಸುಗಳು ಸೊರಗಿ ಸೊರಗಿ ಕಡ್ಡಿಯಾಗಿ ಸಾಯುತ್ತವೆ. ಅದಕ್ಕೆ ಅವರು ಚಿರಾ ಎನ್ನುತ್ತಾರೆ. ಆ ಹೆಸರು ಹೇಳುವಾಗ ದೊಡ್ಡ ದೊಡ್ಡ ಗಂಡಸರೂ ದನಿ ತಗ್ಗಿಸುತ್ತಾರೆ.

ಊರಿನ ತಗಡು ಹೊದಿಸಿದ ಚರ್ಚಿನದು ಇನ್ನೊಂದು ಕಟ್ಟಳೆ. ಮೈದುನನನ್ನು ಮನೆಯೊಳಗೆ ಬಿಟ್ಟುಕೊಂಡ ವಿಧವೆ, ಪಾದ್ರಿ ಪ್ರಭುವಿನ ದೇಹವೆಂದು ರೊಟ್ಟಿಯ ಬಿಲ್ಲೆ ಕೊಡುವ ಪ್ರಸಾದದ ಸಾಲಿಗೆ ಬರುವಂತಿಲ್ಲ. ಅವಳು ಬಾಗಿಲ ಬಳಿಯ ಚಾಪೆಯ ಮೇಲೆ ಕೂರಬೇಕು. ಅಲ್ಲಿ ಯಾರು ಕೂತಿದ್ದಾರೆ, ಯಾಕೆ ಕೂತಿದ್ದಾರೆ ಎಂದು ಎಳೆ ಮಕ್ಕಳಿಗೂ ಗೊತ್ತು. ಬೇಸಾಯ ಮಾಡಿದರೆ ಪ್ರಸಾದ ಇಲ್ಲ, ಪ್ರಸಾದ ತಿಂದರೆ ಬೇಸಾಯ ಇಲ್ಲ. ಇಂಥ ಎರಡು ಕಲ್ಲುಗಳ ನಡುವೆ ಹೆಂಗಸರನ್ನಿಟ್ಟು ಎರಡೂ ಕಡೆಯ ಗಂಡಸರು ಹಾಯಾಗಿ ಹೊಗೆಸೊಪ್ಪು ಸೇದುತ್ತಿದ್ದರು.

ಅಪೊಂಡಿ ಹುಟ್ಟು ಕ್ರೈಸ್ತಳಲ್ಲ. ಮದುವೆಯಾಗಿ ಬಂದ ಮೇಲೆ ಉಪದೇಶಿ ಸಿರಿಲೊ ಮಾವಿನ ಮರದ ಕೆಳಗೆ ನಡೆಸುತ್ತಿದ್ದ ಪಾಠಕ್ಕೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹೋಗಿ ಕೂತವಳು. ಅಕ್ಷರ ಕಲಿತದ್ದೂ ಅಲ್ಲಿಯೇ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಅವಳು ಮೊದಲು ತಾನಾಗಿ ಓದಿದ್ದು, ಪ್ರಭು ಸತ್ತ ಮೇಲೆ ಇಬ್ಬರು ಶಿಷ್ಯರು ಮುಖ ಬಾಡಿಸಿಕೊಂಡು ಊರಿಗೆ ಹಿಂದಿರುಗುವ ಕಥೆ. ದಾರಿಯಲ್ಲಿ ಅಪರಿಚಿತನೊಬ್ಬ ಜೊತೆಯಾಗುತ್ತಾನೆ. ಶಾಸ್ತ್ರವನ್ನೆಲ್ಲ ಬಿಡಿಸಿ ಹೇಳುತ್ತಾನೆ. ಎದೆ ಬಿಸಿಯಾಗುತ್ತದೆ, ಆದರೂ ಅವನು ಯಾರೆಂದು ತಿಳಿಯುವುದಿಲ್ಲ. ಸಂಜೆ ಊಟಕ್ಕೆ ಕೂತು ಅವನು ರೊಟ್ಟಿ ಮುರಿದಾಗಲೇ ಕಣ್ಣು ತೆರೆಯುವುದು, ಅವನೇ ಸತ್ತು ಎದ್ದ ಪ್ರಭು ಎಂದು ಕಾಣುವುದು. ಅಪೊಂಡಿ ಅದನ್ನು ಓದಿ ಮುಗಿಸಿ, "ಅಷ್ಟು ದೂರ ನಡೆದು ಬರೀ ಮಾತು ಕೇಳಿ ಮನೆಗೆ ಹೋಗಿದ್ರೆ ಏನು ಗತಿಯಾಗ್ತಿತ್ತು?" ಎಂದಿದ್ದಳು. ಮಿಕ್ಕವರೆಲ್ಲ ನಕ್ಕರು. ಅವಳು ನಕ್ಕಿರಲಿಲ್ಲ.

ಮೂರು ವರ್ಷ ಕಲಿತ ಮೇಲೆ ಜ್ಞಾನಸ್ನಾನವಾಯಿತು, ರೊಸಾಲಿಯಾ ಎಂಬ ಹೆಸರು ಬಂತು, ನಾಲಿಗೆಯ ಮೇಲೆ ಪ್ರಸಾದ ಬಿತ್ತು. ಅಂದಿನಿಂದ ಅವಳ ಬದುಕು ಒಂದೇ ನಡಿಗೆ. ಪಾದ್ರಿ ಬರುತ್ತಿದ್ದುದು ಎರಡು ತಿಂಗಳಿಗೊಮ್ಮೆ. ಉಳಿದ ಭಾನುವಾರಗಳಲ್ಲಿ ಸಿರಿಲೊ ಶುಭಸಂದೇಶ ಓದುತ್ತಿದ್ದ, ಇವರು ಹಾಡಿ ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದರು. ಕೇಳುವುದು, ಹಸಿಯುವುದು, ಮೋಟಾರ್ ಸೈಕಲ್ಲಿನ ಸದ್ದು ಬಂದಾಗ ಓಡುವುದು, ತಿನ್ನುವುದು, ಮತ್ತೆ ಹಸಿಯುವುದು. ಗಂಡ ಒರೆಮೊ ಬಲೆ ಹೆಣೆಯುತ್ತ, "ಅಷ್ಟಗಲದ ಬಿಲ್ಲೆ ತಿನ್ನೋಕೆ ನೀನು ಸವೆಸಿದ ಕಾಲಿನಲ್ಲಿ ನಾನು ಸಮುದ್ರ ಮುಟ್ಟಿ ಬರ್ತಿದ್ದೆ" ಎಂದು ರೇಗಿಸುತ್ತಿದ್ದ. ಅವಳು ಮನಸ್ಸಿನಲ್ಲಿ ಕಹಿ ಇಟ್ಟುಕೊಂಡು ಆ ಸಾಲಿಗೆ ಹೋದವಳಲ್ಲ. ಒಮ್ಮೆ ನೆರೆಯವಳೊಡನೆ ಜಗಳವಾಡಿದ್ದಕ್ಕೆ, ಸಾಲಿನಲ್ಲಿ ನಿಂತವಳು ಅರ್ಧದಿಂದ ಹಿಂದೆ ಬಂದು ಕೂತಿದ್ದನ್ನು ಊರೇ ನೋಡಿತ್ತು.

ಒರೆಮೊ ಸತ್ತಾಗ ಅವಳು ಹಿರಿಯರಿಗೆ ಖಡಾಖಂಡಿತ ಹೇಳಿದಳು, "ನನ್ನ ಮನೆಗೆ ಯಾರೂ ಬರೋದು ಬೇಡ." ಮೊದಲ ಮಳೆ ಹೀಗೆ ಕಳೆಯಿತು. ಎರಡನೆಯ ಮಳೆ ಬಂದಾಗ ಮಗ ಅಗುಟು ಬಾಗಿಲಲ್ಲಿ ಬಂದು ನಿಂತ.

"ಅವ್ವಾ, ಪಕ್ಕದ ಹೊಲದಾಗೆ ಜೋಳ ಮೊಣಕಾಲಿಗೆ ಬಂದೈತೆ. ನಮ್ಮದ್ರಾಗೆ ಹುಲ್ಲು ಸೊಂಟಕ್ಕೆ ಬಂದೈತೆ. ಅದನ್ನೇ ಮುದ್ದೆ ಮಾಡಾಣ ಬಿಡು."

"ನೀನು ಬಿತ್ತೋ. ನಾನು ಬೇಡ ಅಂದ್ನಾ?"

"ನಿನಗಿಂತ ಮುಂಚೆ ನಾನು ಗುದ್ದಲಿ ಎತ್ತಿದ್ರೆ ಅಕೆಲೊ ಹೊಟ್ಟೆಯಾಗಿರೋದು ನಿಲ್ತದಾ? ಎರಡು ಮಣ್ಣು ಮಾಡಿ ಆಯ್ತು. ಮೂರನೇದೂ ನಿನ್ನ ಹಟಕ್ಕೆ ಕೊಡಬೇಕಾ?"

ಅಕೆಲೊ ಅವನ ಹೆಂಡತಿ. ಎರಡು ಕೂಸುಗಳನ್ನು ಕಳೆದುಕೊಂಡು ಮತ್ತೆ ಬಸುರಾಗಿದ್ದಳು. ಅಂಗಳದ ಆಚೆ ಸಣ್ಣ ಮೀನು ಒಣಹಾಕುತ್ತಿದ್ದವಳು ಗಂಡನ ಮಾತು ಕೇಳಿಯೂ ಕೇಳದವಳಂತೆ ಬಗ್ಗಿಯೇ ಇದ್ದಳು. ಅತ್ತೆಗೆ ಎದುರಾಡಿದವಳಲ್ಲ. ಆ ಬಗ್ಗಿದ ಬೆನ್ನೇ ಅಪೊಂಡಿಯ ಹಟವನ್ನು ಮುರಿಯಿತು, ಮಗನ ಮಾತಲ್ಲ.

ಮಾರನೆಯ ದಿನ ಗಂಡನ ತಮ್ಮ ಓಂಗೊರೊ ಬಂದ. ಚರ್ಚಿನಲ್ಲಿ ನಗಾರಿ ಬಾರಿಸುವವನು, ಸಾಧು ಮನುಷ್ಯ, ಸ್ವಲ್ಪ ಪುಕ್ಕಲ. ಮೈಮೇಲೆ ಬಿಸಿಲಿಗೆ ಹೊಂದದ ದಪ್ಪ ಕೋಟು.

"ಅತ್ತಿಗೆ, ನನಗೂ ಇದ್ರಲ್ಲಿ ಆಸೆ ಇಲ್ಲ. ನನ್ನ ಹೆಂಡತಿ ಬಾಯಿ ನಿಮಗೆ ಗೊತ್ತಲ್ಲ. ಅವಳೊಬ್ಬಳಿಗೇ ನನ್ನ ಎರಡು ಕಿವಿ ಸಾಲ್ದು."

"ಮತ್ತೆ ಯಾಕೆ ಬಂದೆ?"

"ಕೋಟು ತೂಗುಹಾಕೋಕೆ." ಅವನು ದನಿ ತಗ್ಗಿಸಿದ. "ಬೆಳಿಗ್ಗೆ ನಿಮ್ಮ ನಡುಗಂಬದ ಗೂಟದಾಗೆ ಕೋಟು ಕಂಡ್ರೆ ಊರಿಗೆ ಮುಗೀತು. ಕೋಟಿನವನು ಎಲ್ಲಿ ಮಲಗಿದ್ದ ಅಂತ ಯಾವ ಮುದುಕ ಬಂದು ಕೇಳ್ತಾನೆ? ನಾನು ಮೇಕೆಗಳ ಪಕ್ಕ ಬಿದ್ಕೊಳ್ತೀನಿ. ಕೋಟು ಗೊರಕೆ ಹೊಡೆಯಲ್ಲ. ನಾನು ಹೊಡೀತೀನಿ. ಅದೊಂದು ತಡ್ಕೊಳ್ಳಿ."

ಗಂಡ ಸತ್ತ ಮೇಲೆ ಮೊದಲ ಸಲ ಅಪೊಂಡಿ ನಕ್ಕಳು. ದೇವರು ಒಳಗನ್ನು ನೋಡುತ್ತಾನೆ, ಊರು ಗೂಟವನ್ನು ನೋಡುತ್ತದೆ, ಇಬ್ಬರಿಗೂ ಬೇಕಾದ್ದು ಸಿಕ್ಕಿತು ಎಂದುಕೊಂಡಳು. ಚರ್ಚೂ ನೋಡುವುದು ಗೂಟವನ್ನೇ ಎಂದು ಅವಳಿಗೆ ಹೊಳೆಯಲಿಲ್ಲ.

ಕೋಟು ಗೂಟಕ್ಕೆ ಬಿತ್ತು. ಓಂಗೊರೊ ಮೇಕೆಗಳ ಪಕ್ಕ ಗೊರಕೆ ಹೊಡೆದ. ಬೆಳಿಗ್ಗೆ ಹಿರಿಯರು ಇಣುಕಿ ನೋಡಿ, ಗಂಟಲು ಕೆರೆದು, ತೃಪ್ತರಾಗಿ ಹೋದರು. ಅಂದೇ ಅಪೊಂಡಿ ಹೊಲಕ್ಕಿಳಿದು ಮೊದಲ ಬೀಜ ಹಾಕಿದಳು. ಅವಳ ಹಿಂದೆ ಅಗುಟು, ಅಕೆಲೊ.

ಪಾದ್ರಿ ಬಂದು ಪೂಜೆ ನಡೆಸುವ ಮುಂದಿನ ದಿನ ಬಿಳಿ ಬಟ್ಟೆ ತೊಟ್ಟು ಬಂದವಳನ್ನು ಸಿರಿಲೊ ಬಾಗಿಲಲ್ಲೇ ತಡೆದ.

"ಅಗುಟುನವ್ವಾ, ಇನ್ಮೇಲೆ ಚಾಪೆ."

"ಯಾಕೆ ಉಪದೇಶಿಗಳೇ?"

"ನನ್ನ ಕೇಳ್ತೀಯಾ? ಹೋಗಿ ನಿನ್ನ ನಡುಗಂಬ ಕೇಳು. ನೀನಾದ್ರೂ ನಿಲ್ತೀಯ ಅಂದ್ಕೊಂಡಿದ್ದೆ. ನಿನ್ನ ಹೆಸರು ಹೇಳಿ ನಾನು ಬೇರೆ ಹೆಂಗಸರಿಗೆ ಬುದ್ಧಿ ಹೇಳ್ತಿದ್ದೆನಲ್ಲೇ."

ಅಪೊಂಡಿ ಬಾಯಿ ತೆರೆದಳು. ಪಕ್ಕದಲ್ಲಿ ಅಕೆಲೊ ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದಳು. ಕೋಟಿನ ವಿಷಯ ಸುಳ್ಳೆಂದು ಇಲ್ಲಿ ಹೇಳಿದರೆ, ಹೊಲದಲ್ಲಿ ಆಗಲೇ ಮೊಳೆತಿರುವ ಬೀಜವೆಲ್ಲ ಆ ಹೊಟ್ಟೆಯೊಳಗಿನ ಕೂಸಿಗೆ ವಿಷ. ಹಾಗೆಂದು ಆ ಹುಡುಗಿ ನಂಬುತ್ತಾಳೆ, ಹೆದರಿ ಹೆದರಿಯೇ ಕೂಸನ್ನು ಕಳೆದುಕೊಳ್ಳುತ್ತಾಳೆ. ಅಪೊಂಡಿ ಬಾಯಿ ಮುಚ್ಚಿ ಚಾಪೆಯ ಮೇಲೆ ಹೋಗಿ ಕೂತಳು.

"ಬಾರವ್ವ, ಬಾ," ಎಂದಳು ಅಲ್ಲಿದ್ದ ಮುದುಕಿಯೊಬ್ಬಳು ಸರಿದು ಜಾಗ ಕೊಡುತ್ತ. "ನಮ್ಮ ಕಡೆ ಗಾಳಿ ಚೆನ್ನಾಗಿ ಬೀಸ್ತದೆ. ದೇವರೇ ಸ್ವಲ್ಪ ದೂರ, ಅಷ್ಟೇ."

ಪೂಜೆ ಮುಗಿದ ಮೇಲೆ ಚರ್ಚಿನ ಹಿಂದೆ ಪಾದ್ರಿ ಪಾಪನಿವೇದನೆ ಕೇಳುತ್ತಿದ್ದ ಜಾಗಕ್ಕೆ ಅವಳು ಹೋದಳು. ಪಾದ್ರಿ ಬೆಟ್ಟದ ಸೀಮೆಯವನು, ವಯಸ್ಸಾಗಿತ್ತು, ಆ ದಿನ ಇನ್ನೆರಡು ಊರು ಬಾಕಿಯಿತ್ತು. ಎಲ್ಲವನ್ನೂ ಹೇಳಿದಳು.

"ಹಾಗಿದ್ರೆ ಬಂದು ಪ್ರಸಾದ ತಗೋಬಹುದಲ್ಲಮ್ಮ. ಊರಿಗೆ ಸುಳ್ಳು ತೋರಿಸಿದ್ದಕ್ಕೆ ಪ್ರಾಯಶ್ಚಿತ್ತ ಹೇಳ್ತೀನಿ. ಅದು ಬಿಟ್ರೆ ನಿನ್ನ ಮೇಲೆ ಏನೂ ಇಲ್ಲ."

"ನಾನು ಎದ್ದು ಬಂದ್ರೆ ಎಲ್ರಿಗೂ ತಿಳೀತದೆ ಸ್ವಾಮಿ, ಕೋಟು ಖಾಲಿ ಇತ್ತು ಅಂತ."

"ತಿಳೀಲಿ. ಬೀಜಕ್ಕೂ ಕೂಸಿಗೂ ಏನು ಸಂಬಂಧ?"

"ಸಂಬಂಧ ಇಲ್ಲ ಅಂತ ನಿಮಗೆ ಗೊತ್ತು. ನನ್ನ ಸೊಸೆಗೆ ಗೊತ್ತಿಲ್ವಲ್ಲ."

"ನಿನಗೆ?"

ಅವಳು ಹಿಂದೆ ತಿರುಗಿ ಯಾರಾದರೂ ಇದ್ದಾರೋ ಎಂದು ನೋಡಿದಳು. "ಯಾರಿಗೂ ಕಾಣದಂಗೆ ಇಲ್ಲೇ ಒಂದು ಚೂರು ಕೊಡ್ತೀರಾ?" ಎಂದು ಕೇಳಿದಳು.

"ಎಲ್ರೂ ಕೂತು ಉಣ್ಣೋ ಊಟ ಅದು. ಕದ್ದು ತಿನ್ನೋದಲ್ಲ, ತಾಯಿ." ಪಾದ್ರಿ ಎದ್ದ.

ಸರಿಯಾದ ಮಾತೇ. ಸರಿಯಾದ ಮಾತನ್ನು ಹೇಳಿ, ಮೋಟಾರ್ ಸೈಕಲ್ ಒದ್ದು ಹೊರಟುಹೋಗುವುದು ಸುಲಭ. ಅವನಿಗೆ ಮಾರನೆಯ ಬೆಳಗು ಕದೆರೊದಲ್ಲಿ ಆಗುವುದಿಲ್ಲ.

ಅಪೊಂಡಿ ಚಾಪೆಗೆ ಒಗ್ಗಿಕೊಂಡಳು ಎಂದರೆ ಸುಳ್ಳಾಗುತ್ತದೆ. ವಾರ ವಾರವೂ ಶುಭಸಂದೇಶ ಕೇಳಿದಳು. ಹಸಿದವರಿಗೆ ರೊಟ್ಟಿ ಹಂಚಿದ ಕಥೆ, ಮೇಜಿನ ಕೆಳಗೆ ಬಿದ್ದ ಚೂರುಗಳ ಕಥೆ, ಔತಣಕ್ಕೆ ಕುಂಟರನ್ನೂ ಕುರುಡರನ್ನೂ ಕರೆಸಿದ ಕಥೆ. ಓದುವುದೆಲ್ಲ ಊಟದ ವಿಷಯವೇ. ಪಾದ್ರಿ ಬಂದ ದಿನ ಪ್ರಸಾದದ ಹೊತ್ತಿಗೆ ಎಲ್ಲರೂ ಎದ್ದು ಹೋಗುವಾಗ ಅವಳ ಕಾಲುಗಳು ತಾವಾಗಿ ಮಡಚಿಕೊಂಡು ಏಳಲು ನೋಡುತ್ತಿದ್ದವು. ಅವಳು ಮೊಣಕಾಲನ್ನು ಕೈಯಿಂದ ಒತ್ತಿ ಹಿಡಿದು ಕೂರುತ್ತಿದ್ದಳು. ಆ ವರ್ಷ ಜೋಳ ಚೆನ್ನಾಗಿ ಬಂತು. ಮಗ ಹೊಟ್ಟೆ ತುಂಬ ಉಂಡು ತಾಯಿಯ ಮುಖ ನೋಡಿ ನಕ್ಕ.

ಕೂಸು ಹುಟ್ಟಿತು, ಗಂಡು. ಒರೆಮೊ ಎಂದು ಅಜ್ಜನ ಹೆಸರನ್ನೇ ಇಟ್ಟರು. ಅಕೆಲೊ ಮೂರು ಹೊತ್ತೂ ಅದನ್ನು ಎದೆಗೆ ಒತ್ತಿಕೊಂಡೇ ಇರುತ್ತಿದ್ದಳು, ಅತ್ತೆಯ ಕೈಗೆ ಮಾತ್ರ ಧೈರ್ಯವಾಗಿ ಕೊಡುತ್ತಿದ್ದಳು. "ನಿಮ್ಮ ಕೈ ತಣ್ಣಗೈತೆ ಅತ್ತೆ, ನಿಮ್ಮ ಹತ್ರ ಬೇಗ ಮಲಗ್ತಾನೆ." ಅಪೊಂಡಿ ಆ ಸಣ್ಣ ತಲೆಯನ್ನು ಮೂಸಿ, ಚಾಪೆಯ ಮೇಲೆ ಕೂತದ್ದು ದಂಡವಾಗಲಿಲ್ಲ ಎಂದುಕೊಂಡಳು.

ಹಲ್ಲು ಮೂಡುವ ಹೊತ್ತಿಗೆ ಕೂಸಿಗೆ ಜ್ವರ ಬಂತು. ಬಿಟ್ಟಿತು, ಮತ್ತೆ ಬಂತು. ಕೈಕಾಲು ಬತ್ತಿದವು, ಹೊಟ್ಟೆ ಉಬ್ಬಿತು, ಮುಖದಲ್ಲಿ ಬರೀ ಕಣ್ಣು ಉಳಿಯಿತು. ಆಸ್ಪತ್ರೆಯಲ್ಲಿ ಸೊಳ್ಳೆಯ ಜ್ವರ ಎಂದು ಕಹಿ ಔಷಧಿ ಕೊಟ್ಟರು. ಊರಿನವರು ಕೂಸಿನ ಮುಖ ನೋಡಿ ಏನೂ ಹೇಳದೆ ಹೊರಟುಹೋಗುತ್ತಿದ್ದರು. ಒಂದು ಮಧ್ಯಾಹ್ನ ಅಜ್ಜಿಯ ಮಡಿಲಲ್ಲೇ ಅದು ಉಸಿರು ಬಿಟ್ಟಿತು. ಆ ಹೊತ್ತಿಗೆ ಅದರ ಭಾರ ಎಷ್ಟು ಕಡಿಮೆಯಾಗಿತ್ತೆಂದರೆ, ಸತ್ತದ್ದು ತಿಳಿಯಲು ಅಪೊಂಡಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಮಣ್ಣು ಮಾಡಿ ಬಂದ ಮೇಲೆ ಹಿರಿಯರು ಅಂಗಳದಲ್ಲಿ ಕೂತು ಜೋಳದ ಹುಳಿಹೆಂಡ ಹೀರುತ್ತ ಕಾರಣ ಹುಡುಕಿದರು. ಬೀಜ ಸರಿಯಾಗಿಯೇ ಬಿದ್ದಿದೆ, ಕೋಟು ಎಲ್ಲರೂ ನೋಡಿದ್ದೇ. ಅಂದ ಮೇಲೆ ತಪ್ಪು ಎಲ್ಲಿ? ತಪ್ಪು ಹುಡುಕುವ ಗಂಡಸರಿಗೆ ಕೊನೆಗೆ ಸಿಗುವುದು ಹೆಂಗಸೇ. ಬಸುರಿಯಾಗಿದ್ದಾಗ ಅಕೆಲೊ ಬೇರೆ ಗಂಡಸನ್ನು ಮುಟ್ಟಿರಬೇಕು, ಕೂಸಿಗೆ ಚಿರಾ ತಟ್ಟಿದ್ದು ಅದರಿಂದ ಎಂದು ತೀರ್ಮಾನವಾಯಿತು. ಮೊದಲ ಎರಡೂ ಹಾಗೆಯೇ ಹೋಗಿರಬೇಕು ಎಂದು ಒಬ್ಬ ಸೇರಿಸಿದ. ಅಗುಟು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ. ಪಾದ್ರಿ ಬರುವ ಭಾನುವಾರ, ಪೂಜೆಯ ನಂತರ ಅಕೆಲೊಳ ಅಣ್ಣಂದಿರು ಬಂದು ಅವಳನ್ನು ತವರಿಗೆ ಕರೆದುಕೊಂಡು ಹೋಗಬೇಕೆಂದು ಹೇಳಿ ಕಳಿಸಿದರು. ಅಂಥ ಹೆಸರು ಹೊತ್ತು ಹೋದವಳನ್ನು ಯಾರೂ ಮತ್ತೆ ಮದುವೆಯಾಗುವುದಿಲ್ಲ, ತವರಿನವರೂ ಹಿತ್ತಲಿನಲ್ಲಿ ಇಡುತ್ತಾರೆ.

ಅಕೆಲೊ ಗಂಟು ಕಟ್ಟುತ್ತಿದ್ದಳು. ಅಪೊಂಡಿ ಪಕ್ಕದಲ್ಲಿ ಹೋಗಿ ಕೂತಾಗ ತಲೆಯೆತ್ತದೆ ಹೇಳಿದಳು. "ಅತ್ತೆ, ನಾನು ಯಾರನ್ನೂ ಮುಟ್ಟಿಲ್ಲ. ನೀವು ಕೇಳೋದಕ್ಕೆ ಮುಂಚೆ ಹೇಳ್ತಿದ್ದೀನಿ. ನೀವೂ ಕೇಳಿಬಿಟ್ರೆ ನಾನು ಸರೋವರಕ್ಕೆ ಬೀಳ್ತೀನಿ."

ಅಪೊಂಡಿ ನೇರವಾಗಿ ಮಗನ ಬಳಿಗೆ ಹೋದಳು. "ಅವಳನ್ನ ಕಳಿಸಬೇಡ. ಆ ರಾತ್ರಿ ನಿನ್ನ ಚಿಕ್ಕಪ್ಪ ಮೇಕೆ ಪಕ್ಕ ಮಲಗಿದ್ದ. ನಾನು ಸುಳ್ಳು ಬೀಜ ಹಾಕಿದೆ. ತಪ್ಪಿದ್ರೆ ನಂದು."

ಅಗುಟು ನಂಬಲಿಲ್ಲ. "ಅವಳ ಮೇಲೆ ನಿನಗೆ ಮಮಕಾರ, ಗೊತ್ತು. ಅದಕ್ಕೆ ನನ್ನ ಮುಂದೆ ಕಥೆ ಕಟ್ಟಬೇಡ ಅವ್ವ." ಓಂಗೊರೊನನ್ನು ಕರೆಸಿ ಕೇಳಿದ. ಆ ಪುಕ್ಕಲ, ಅತ್ತಿಗೆಯ ಮುಖ ನೋಡದೆ, "ಕೋಟು ನೀವೆಲ್ಲ ನೋಡಿಲ್ವಾ?" ಎಂದುಬಿಟ್ಟ. ಅಷ್ಟಕ್ಕೆ ಮುಗಿಯಿತು.

ಇನ್ನು ಒಂದೇ ಸಾಕ್ಷಿ ಉಳಿದಿತ್ತು. ಅಪೊಂಡಿ ಬಾಯಿಂದ ಹೇಳಿದ್ದನ್ನು ಊರು ನಂಬದಿರಬಹುದು. ಆದರೆ ಮೈಲಿಗೆಯ ಮನಸ್ಸಿನಲ್ಲಿ ಅವಳು ಪ್ರಸಾದ ಮುಟ್ಟುವುದಿಲ್ಲ ಎಂಬುದನ್ನು ಕದೆರೊದಲ್ಲಿ ನಂಬದ ಒಂದು ನರಪಿಳ್ಳೆಯೂ ಇರಲಿಲ್ಲ. ಸಾಲಿಗೆ ಎದ್ದು ಹೋದರೆ ಸಾಕು.

ಅದೇ ಅವಳ ಎದೆಯನ್ನು ಕೊರೆಯಿತು. ಇಷ್ಟು ದಿನ ಹಸಿದದ್ದು ಇದಕ್ಕಾ? ಪ್ರಭುವಿನ ದೇಹವನ್ನು ಪಂಚಾಯಿತಿಯ ಮುಂದೆ ಆಣೆ ಇಟ್ಟಂತೆ ಬಾಯಿಗಿಡುವುದಾ? ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಪಾದ್ರಿ ಕೇಳಿದ್ದ ಪ್ರಶ್ನೆಗೆ ಅವಳಿಗೆ ಇನ್ನೂ ಉತ್ತರ ಸಿಕ್ಕಿರಲಿಲ್ಲ. ಬೀಜಕ್ಕೂ ಕೂಸಿಗೂ ಸಂಬಂಧವಿಲ್ಲ ಎಂದು ಶಾಸ್ತ್ರ ಓದಿದ ತಲೆ ಹೇಳುತ್ತಿತ್ತು. ಮಡಿಲಲ್ಲಿ ಹಗುರಾಗಿ ಹೋದ ಆ ಮೈ ಬೇರೆಯೇ ಹೇಳುತ್ತಿತ್ತು.

ಭಾನುವಾರ ಚರ್ಚು ತುಂಬಿತ್ತು. ಅಕೆಲೊಳ ಅಣ್ಣಂದಿರು ಹೊರಗೆ ಸೈಕಲ್ಲುಗಳನ್ನು ಗೋಡೆಗೆ ಒರಗಿಸಿ ನಿಂತಿದ್ದರು. ಪಾದ್ರಿ ರೊಟ್ಟಿ ಎತ್ತಿ ಹಿಡಿದ, ಮುರಿದ. ಓಂಗೊರೊ ನಗಾರಿ ಬಾರಿಸಿದ, ಹಾಡು ಎದ್ದಿತು, ಸಾಲು ಹೊರಟಿತು. ಅಪೊಂಡಿ ಚಾಪೆಯಿಂದ ಎದ್ದಳು.

ಸಿರಿಲೊ ದಾಪುಗಾಲಿಟ್ಟು ಬಂದು ಕೈ ಅಡ್ಡ ಹಿಡಿದ. "ಎಲ್ಲಿಗೆ? ಕೂತ್ಕೋ ಅಗುಟುನವ್ವ, ಮಾನ ತೆಗೀಬೇಡ."

"ಪಕ್ಕಕ್ಕೆ ಸರಿ ಸಿರಿಲೊ." ಅವಳು ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಆ ಕೋಟಿನೊಳಗೆ ಯಾರೂ ಇರಲಿಲ್ಲ."

ನಗಾರಿ ನಿಂತಿತು. ಹಾಡು ಒಂದೆರಡು ಬಾಯಲ್ಲಿ ಎಳೆದಾಡಿ ಅದೂ ನಿಂತಿತು. ಎಲ್ಲರೂ ಓಂಗೊರೊನ ಕಡೆ ತಿರುಗಿದರು. ಅವನು ಎರಡೂ ಕೋಲುಗಳನ್ನು ತೊಡೆಯ ಮೇಲಿಟ್ಟು ನಗಾರಿಯ ಚರ್ಮವನ್ನೇ ನೋಡುತ್ತ ಕೂತಿದ್ದ. ಇಲ್ಲ ಎನ್ನಲಿಲ್ಲ. ಆ ತಗಡಿನ ಕೆಳಗೆ ಅವನಿಗೂ ಸುಳ್ಳು ಹೇಳಲಾಗಲಿಲ್ಲ.

ಅಪೊಂಡಿ ನಡೆದಳು. ಸಾಲಿನಲ್ಲಿದ್ದವರು ಅವಳ ಸೆರಗು ತಾಗದಂತೆ ಎರಡೂ ಕಡೆ ಸರಿದರು. ಪಾದ್ರಿ ಅವಳನ್ನು ನೋಡಿದ, ಅವನ ಕೈ ಒಂದು ಕ್ಷಣ ತಡೆಯಿತು, ಆಮೇಲೆ ಕೊಟ್ಟ. "ಆಮೆನ್" ಎಂದಳು. ಎದೆ ಬಿಸಿಯಾಗಲಿಲ್ಲ. ಕಣ್ಣು ತೆರೆಯಲಿಲ್ಲ. ಒಣಗಿದ ಬಾಯಿಯ ಅಂಗುಳಕ್ಕೆ ಅದು ಅಂಟಿಕೊಂಡಿತು. ನುಂಗಲು ಬಹಳ ಹೊತ್ತು ಬೇಕಾಯಿತು.

ಹೊರಗೆ ಅಗುಟು ಕೂಗಾಡಲಿಲ್ಲ. "ಹಂಗಾದ್ರೆ ನೀನೇ," ಎಂದ, ಅಷ್ಟೇ. ಹಿರಿಯರು ಅಲ್ಲಿಯೇ ನಿಂತು ಎರಡು ಮಾತಿನಲ್ಲಿ ತೀರ್ಮಾನ ಬದಲಿಸಿದರು. ಅಕೆಲೊ ತಪ್ಪಿತಸ್ಥೆಯಲ್ಲ, ಅವಳ ಅಣ್ಣಂದಿರು ಹಿಂದೆ ಹೋಗಬಹುದು. ಅಪೊಂಡಿ ಇನ್ನು ಆ ಹಟ್ಟಿಗೆ ಕಾಲಿಡಬಾರದು, ಅಲ್ಲಿನ ಒಲೆ ಮುಟ್ಟಬಾರದು. ಸೈಕಲ್ಲುಗಳು ಧೂಳೆಬ್ಬಿಸಿ ಹೋದವು. ಜನ ಕರಗಿದರು. ಅಪೊಂಡಿ ಎಲ್ಲಿಗೆ ಹೋಗುವುದೆಂದು ತಿಳಿಯದೆ ದಾರಿಯ ಮಧ್ಯೆ ನಿಂತಿದ್ದಳು.

ಅಕೆಲೊ ಅವಳ ಕಡೆ ನಡೆದು ಬಂದಳು. ತೀರ ಹತ್ತಿರ ಬಂದು ನಿಂತಳು. ಅಳುತ್ತಿರಲಿಲ್ಲ.

"ಅತ್ತೆ, ಅಷ್ಟು ರುಚಿಯಾ ಅದು?"

ಅಪೊಂಡಿಗೆ ಹೇಳಲು ಎಷ್ಟೋ ಇತ್ತು. ನಿನಗಾಗಿ ಎದ್ದೆ ಎನ್ನಬಹುದಿತ್ತು. ಅದನ್ನು ಹೇಳಿದರೆ ಕೂಸು ಕೊಂದವಳು ಮೇಲಿಂದ ಋಣದ ಭಾರವನ್ನೂ ಹೊರಿಸಿದಂತೆ. ಹುಡುಗಿಯ ಬೆನ್ನು ಈಗಾಗಲೇ ಸಾಕಷ್ಟು ಬಗ್ಗಿತ್ತು.

"ರುಚಿ ಏನೂ ಇರಲ್ಲ ಮಗಳೇ," ಎಂದಳು.

"ನನ್ನನ್ನ ಮಗಳೇ ಅನ್ನಬೇಡಿ." ಅಕೆಲೊ ನೆಲಕ್ಕೆ ಉಗುಳಿ, ಗಂಡನ ಹಿಂದೆ ಮನೆಯ ದಾರಿ ಹಿಡಿದಳು.

ಸಿರಿಲೊ ಚರ್ಚಿನ ಬೀಗ ಹಾಕುತ್ತಿದ್ದ. ಅವಳನ್ನು ನೋಡಿ, ಬೀಗ ತೆಗೆದು ಬಾಗಿಲನ್ನು ಅರ್ಧ ತೆರೆದಿಟ್ಟು ಹೋದ. ಮಳೆಗಾಲ ಮುಗಿಯುವ ತನಕ ಅವಳು ಅಲ್ಲಿಯೇ ಮಲಗಿದಳು, ಆಮೇಲೆ ಚರ್ಚಿನ ಹಿಂದೆ ಹುಲ್ಲಿನ ಗುಡಿಸಲು ಕಟ್ಟಿಕೊಂಡಳು. ಅವಳನ್ನು ಯಾರೂ ಸಾಲಿನಿಂದ ತಡೆಯಲಿಲ್ಲ. ಅವಳ ಹಿಂದೆ ಯಾರೂ ನಿಲ್ಲುತ್ತಲೂ ಇರಲಿಲ್ಲ. ಅಕೆಲೊಗೆ ಮುಂದೆ ಇಬ್ಬರು ಹೆಣ್ಣುಮಕ್ಕಳು ಹುಟ್ಟಿ ಉಳಿದರು. ಭಾನುವಾರ ಅವರು ಚರ್ಚಿಗೆ ಬಂದಾಗ ಅಕೆಲೊ ಅವರನ್ನು ತನ್ನ ಆಚೆ ಬದಿಗೆ ಎಳೆದು ಕೂರಿಸುತ್ತಿದ್ದಳು, ಮುಂದೆ ಒಬ್ಬಳೇ ಕೂತಿರುವ ಆ ಹೆಂಗಸು ತಿರುಗಿದರೆ ಅವರ ಮುಖ ಕಾಣದ ಹಾಗೆ. ಅಪೊಂಡಿ ತಿರುಗುತ್ತಿರಲಿಲ್ಲ. ಹಿಂದೆ ಪುಟ್ಟ ಕಾಲುಗಳು ಬೆಂಚಿಗೆ ಬಡಿಯುವ ಸದ್ದು ಕೇಳುತ್ತ, ಶುಭಸಂದೇಶ ಕೇಳುತ್ತ, ಪಾದ್ರಿ ಬರುವ ವಾರಕ್ಕಾಗಿ ಕಾಯುತ್ತಿದ್ದಳು.